ಹಗಲುದೀಪನ ಹಳದಿ ಕ್ಲಿಪ್ಪು

ಆ ಸ್ಟುಡಿಯೋದಲ್ಲಿ ಇದ್ದದ್ದು ಒಂದೇ ಕೋಟು. ಕಪ್ಪು ಬಣ್ಣದ್ದು, ಆನೆ ಅಳತೆಯದ್ದು. ಪಾಸ್‌ಪೋರ್ಟ್ ಸೈಜಿನ ಫೋಟೋ ಬೇಕೆಂದು ಬಂದ ಗಂಡಸರೆಲ್ಲ ಮೂವತ್ತು ವರ್ಷಗಳಿಂದ ಅದರೊಳಗೇ ತೂರಿಕೊಂಡು ದೊಡ್ಡ ಮನುಷ್ಯರಾಗಿ ಹೊರಬಂದಿದ್ದರು. ಮೈಕೈ ತುಂಬಿಕೊಂಡವರಿಗೆ ಅದು ಹಾಗೇ ಸರಿಹೋಗುತ್ತಿತ್ತು. ಸಣಕಲರಿಗೆ ಮಾತ್ರ ಬೆನ್ನ ಹಿಂದೆ ಬಟ್ಟೆಯನ್ನು ಮುಷ್ಟಿಯಲ್ಲಿ ಒಟ್ಟುಮಾಡಿ ಒಂದು ಹಳದಿ ಕ್ಲಿಪ್ಪು ಹಾಕಬೇಕು. ಹಾಕಿದರೆ ಸಾಕು, ಮುಂದಿನಿಂದ ನೋಡುವವರಿಗೆ ದರ್ಜಿ ಅಳತೆ ತೆಗೆದೇ ಹೊಲಿದಂತೆ ಕಾಣುತ್ತಿತ್ತು. ಬಟ್ಟೆ ಒಣಹಾಕುವ ಮಾಮೂಲಿ ಕ್ಲಿಪ್ಪೇ ಅದು. ಆದರೆ ಅದರ ಸ್ಪ್ರಿಂಗಿನ ಹಿಡಿತ ಇನ್ಯಾವುದಕ್ಕೂ ಇರಲಿಲ್ಲ, ಹೊಸದಾಗಿ ತಂದವೆಲ್ಲ ಆ ದಪ್ಪ ಬಟ್ಟೆಗೆ ಹೆದರಿ ಹಾರಿಬೀಳುತ್ತಿದ್ದವು. ಬೆನ್ನ ಹಿಂದೆ ಏನೇ ಇರಲಿ, ಮುಂದೆ ನೆಟ್ಟಗೆ ಕಂಡರಾಯಿತು. ಸ್ಟುಡಿಯೋದವರ ಕಸುಬೇ ಅದು.

ಈ ಸ್ಟುಡಿಯೋದ ಯಜಮಾನನಿಗೆ ಪೇಟೆಯವರು ಇಟ್ಟ ಹೆಸರು ಹಗಲುದೀಪ. ವಯಸ್ಸು ಐವತ್ತೆಂಟು. ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ಕೌಂಟರ್ ನೋಡಿಕೊಳ್ಳುವುದು, ಕಂಪ್ಯೂಟರಿನಲ್ಲಿ ಗಿರಾಕಿಗಳ ಮೊಡವೆ ಅಳಿಸುವುದು, ಅಣ್ಣನನ್ನು ಊಟಕ್ಕೆ ಕರೆಯುವುದು, ಬರದಿದ್ದರೆ ಬಯ್ಯುವುದು ಎಲ್ಲವೂ ತಂಗಿಯ ಪಾಲಿಗೆ. ಹೆಂಡತಿ ಹೋದ ಮೇಲೆ ಅವನು ಬೆಳಗಾದರೆ ಕ್ಯಾಮೆರಾ ಹೆಗಲಿಗೇರಿಸಿ ಹಕ್ಕಿಗಳ ಬೆನ್ನು ಹತ್ತಿದ. ಕೆಲವರು ಕುಡಿತಕ್ಕೆ ಬೀಳುತ್ತಾರೆ, ಇವನು ಹಕ್ಕಿಗೆ ಬಿದ್ದ, ಬಚಾವಾದೆವು ಎಂದುಕೊಂಡಳು ತಂಗಿ.

ಸುಡುಬಿಸಿಲಿನಲ್ಲೂ ಫ್ಲ್ಯಾಶ್ ಹಾಕಿ ಹಕ್ಕಿಯ ಫೋಟೋ ತೆಗೆಯುವವನನ್ನು ಜನ ಇನ್ನೇನೆಂದು ಕರೆದಾರು? ಯಾರಾದರೂ ನಕ್ಕರೆ ಅವನು ನಿಲ್ಲಿಸಿಕೊಂಡು ಪಾಠ ಶುರುಮಾಡುತ್ತಿದ್ದ. “ಮಟಮಟ ಮಧ್ಯಾಹ್ನ ಟೋಪಿ ಹಾಕ್ಕೊಂಡು ನಿಂತವರ ಮುಖ ನೋಡಿದ್ದೀರಾ? ಟೋಪಿ ಕಾಣುತ್ತೆ, ಮೂಗಿನ ತುದಿ ಕಾಣುತ್ತೆ, ಕಣ್ಣು ಕಾಣಲ್ಲ. ಹಕ್ಕಿಗೂ ಹಾಗೇನೇ. ಬೆನ್ನಿಗೆ ಬಿಸಿಲು, ಮುಖಕ್ಕೆ ಕತ್ತಲೆ. ಆ ಕತ್ತಲೆಗೆ ಚೂರೇ ಚೂರು ಬೆಳಕು ತುಂಬಬೇಕು. ಫಿಲ್ ಫ್ಲ್ಯಾಶ್ ಅಂತಾರೆ. ಜಾಸ್ತಿ ಆದರೆ ಹಕ್ಕಿ ಸುಣ್ಣ ಬಳಿದ ಹಾಗೆ ಕಾಣುತ್ತೆ. ಊಟಕ್ಕೆ ಉಪ್ಪು ಹಾಕಿದ ಹಾಗೆ, ಇದೆ ಅಂತ ಗೊತ್ತಾಗಬಾರದು, ಇಲ್ಲದಿದ್ದರೆ ಸಪ್ಪೆ.” ಇಷ್ಟು ಹೇಳಿ, “ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ” ಎಂಬ ಗಾದೆಯನ್ನೂ ಅಂಟಿಸಿ ಕಳಿಸುತ್ತಿದ್ದ. ಅವನಿಗೆ ಬೇಕಾಗಿದ್ದದ್ದು ಹಕ್ಕಿಯ ಕಣ್ಣಿನಲ್ಲಿ ಸಾಸಿವೆ ಕಾಳಿನಷ್ಟು ಬಿಳಿ ಚುಕ್ಕೆ. ಆ ಚುಕ್ಕೆ ಬಿದ್ದರೆ ಹಕ್ಕಿ ನಿಮ್ಮನ್ನೇ ನೋಡುತ್ತದೆ. ಬೀಳದಿದ್ದರೆ ಹತ್ತಿ ತುಂಬಿದ ಗೊಂಬೆ.

ಗೂಡು ತೋರಿಸಿದವನು ನೀರಣ್ಣ. ಊರಿಗೆಲ್ಲ ಕುಡಿಯುವ ನೀರು ಬಿಡುವ ಪಂಪ್‌ಹೌಸಿನ ಆಪರೇಟರ್ ಆತ, ಅದಕ್ಕೇ ಆ ಹೆಸರು. ಕಡ್ಡಿಯಂಥ ದೇಹ, ತೋಳಿನ ತುಂಬ ಗ್ರೀಸು, ಗಡಿಯಾರ ಕೆಟ್ಟರೂ ಈತ ಕೆಡುವವನಲ್ಲ ಎಂದು ಜನ ಹೇಳುತ್ತಿದ್ದರು. ಪಂಪ್‌ಹೌಸಿನ ಹಿಂದೆ ದಪ್ಪ ಕೊಳವೆಗಳು ನೆಲಕ್ಕಿಳಿಯುವ ಕಡೆ ಎದೆಯೆತ್ತರದ ಒಂದು ಪೊದೆ ಬೆಳೆದಿತ್ತು. ಆ ಬೇಸಿಗೆಯಲ್ಲಿ ಅದರೊಳಗೆ ಒಂದು ಜೋಡಿ ಪಿಕಳಾರ ಹಕ್ಕಿ ಬಟ್ಟಲಿನಂಥ ಗೂಡು ಕಟ್ಟಿ ಎರಡು ಮರಿ ಮಾಡಿತು. ನೀರಣ್ಣ ಆ ಕಡೆ ಹೆಂಚಿನ ಚೂರು ಬೀಳಲೂ ಬಿಡದೆ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ. ಬೆಕ್ಕಿಗೆಂದು ಒಂದು ಕೋಲನ್ನೇ ಬೇರೆ ಇಟ್ಟುಕೊಂಡಿದ್ದ.

“ಸಾರ್, ನಿಮ್ಮನ್ನ ಬಿಟ್ಟು ಇನ್ಯಾರಿಗೂ ತೋರಿಸಿಲ್ಲ. ನಿಮ್ಮ ದೀಪದಿಂದ ಅದರ ಕಣ್ಣಿಗೇನೂ ಆಗಲ್ಲ ತಾನೆ?”

“ದೂರದಿಂದ ತೆಗೀತೀನಿ ನೀರಣ್ಣ, ಮಿಂಚಿದ್ದೇ ಅದಕ್ಕೆ ಗೊತ್ತಾಗಲ್ಲ.”

“ಒಂದು ಎಲೆನೂ ಕೀಳಬಾರದು. ಮಾತು ಕೊಡಿ.”

“ಕೀಳಲ್ಲ ಮಾರಾಯ, ಮಾತು ಕೊಟ್ಟೆ.”

ಮೂರು ದಿನ ಬೆಳಗ್ಗೆ ಅವನು ಕೊಳವೆಯ ಮರೆಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತ. ಪಿಕಳಾರ ಎಂದರೆ ಫೋಟೋದವರಿಗೆ ಒಂದು ಪರೀಕ್ಷೆ. ತಲೆ ಕಪ್ಪು, ಜುಟ್ಟು ಕಪ್ಪು, ಆ ಕಪ್ಪಿನೊಳಗೆ ಕಣ್ಣೂ ಕಪ್ಪು. ಫ್ಲ್ಯಾಶ್ ಇಲ್ಲದೆ ತೆಗೆದರೆ ಮಸಿಯ ಮುದ್ದೆ. ಫ್ಲ್ಯಾಶ್ ಹಾಕೋಣವೆಂದರೆ ಗೂಡಿನ ಮೇಲೆ, ತುಸು ಮುಂದಕ್ಕೆ, ಒಂದು ಕೊಂಬೆ ಕೊಡೆಯ ಹಾಗೆ ಬಾಗಿಕೊಂಡಿತ್ತು. ಬೆಳಕು ಮೊದಲು ಅದರ ಎಲೆಗಳಿಗೆ ಬಡಿದು ಅವು ಬೆಳ್ಳಗೆ ಹೊಳೆಯುತ್ತಿದ್ದವು, ಅವುಗಳ ನೆರಳು ಹಕ್ಕಿಯ ಮುಖಕ್ಕೆ ಅಡ್ಡ ಬೀಳುತ್ತಿತ್ತು. ಆ ಕೊಂಬೆ ಅಲ್ಲಿ ಬಾಗಿದ್ದದ್ದು ಏಕೆ, ಹಕ್ಕಿ ಆ ಕೊಂಬೆಯ ಅಡಿಯನ್ನೇ ಹುಡುಕಿ ಗೂಡು ಕಟ್ಟಿದ್ದೇಕೆ ಎಂದು ಅವನು ಆಗ ಯೋಚಿಸಲಿಲ್ಲ. ಗಿರಾಕಿಯ ಹಣೆಯ ಮೇಲೆ ಕೂದಲು ಬಿದ್ದರೆ ಸರಿಸುವುದು ಅವನ ಕೈಗೆ ಅಂಟಿದ ಅಭ್ಯಾಸ. ನಾಲ್ಕನೆಯ ದಿನ ಬರುವಾಗ ಕೋಟಿನ ಕ್ಲಿಪ್ಪನ್ನು ಜೇಬಿಗೆ ಹಾಕಿಕೊಂಡು ಬಂದ.

ಎಲೆ ಕೀಳಲಿಲ್ಲ. ಕೊಟ್ಟ ಮಾತಿಗೆ ತಪ್ಪಲಿಲ್ಲ ನೋಡಿ! ತಾಯಿಹಕ್ಕಿ ಆಚೆ ಹೋದ ಹೊತ್ತಿನಲ್ಲಿ ಕೊಂಬೆಯನ್ನು ಮೆಲ್ಲಗೆ ಪಕ್ಕಕ್ಕೆ ಎಳೆದು, ಹಿಂದಿನ ದಪ್ಪ ರೆಂಬೆಗೆ ಸೇರಿಸಿ ಕ್ಲಿಪ್ಪು ಕಚ್ಚಿಸಿದ. ಐದು ನಿಮಿಷದ ಕೆಲಸ, ಆಮೇಲೆ ಬಿಚ್ಚಿದರಾಯಿತು ಎಂದುಕೊಂಡ. ಬೆಳಗಿನ ಬಿಸಿಲು ಆಗಿನ್ನೂ ಹಿತವಾಗಿತ್ತು. ಹಕ್ಕಿ ಹಸಿರು ಹುಳವೊಂದನ್ನು ಕಚ್ಚಿಕೊಂಡು ಬಂತು, ಗೂಡಿನ ಅಂಚಿನಲ್ಲಿ ಕೂತು ಕತ್ತು ತಿರುಗಿಸಿ ನೇರ ಅವನನ್ನೇ ನೋಡಿತು. ಅವನು ಒತ್ತಿದ. ಕ್ಯಾಮೆರಾದ ಹಿಂದಿನ ಪುಟ್ಟ ಪರದೆಯಲ್ಲಿ ನೋಡಿದರೆ ಆ ಕಪ್ಪು ತಲೆಯ ಒಂದೊಂದು ಗರಿಯೂ ಬೇರೆ ಬೇರೆ, ಕಣ್ಣಿನಲ್ಲಿ ಸಾಸಿವೆ ಕಾಳಿನಷ್ಟೇ ಬೆಳಕು. ಆರು ವರ್ಷದಿಂದ ಕಾದದ್ದು ಕೈಗೆ ಸಿಕ್ಕಿತ್ತು. ಸಂತೋಷಕ್ಕೆ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು, ನೀರಣ್ಣನಿಗೂ ಹೇಳದೆ, ದೊಡ್ಡ ಪರದೆಯಲ್ಲಿ ನೋಡಬೇಕೆಂದು ಮನೆಯ ಕಡೆ ಓಡಿದ.

ಕ್ಲಿಪ್ಪು ಅಲ್ಲೇ ಉಳಿಯಿತು.

ಮರುದಿನ ಹತ್ತು ಗಂಟೆಗೆ ಸ್ಟುಡಿಯೋಕ್ಕೆ ಒಬ್ಬ ಗಿರಾಕಿ ಬಂದ, ಒಣಕಲು ಮನುಷ್ಯ. ಕೋಟು ಅವನ ಮೇಲೆ ಗೂಟಕ್ಕೆ ನೇತುಹಾಕಿದಂತೆ ನಿಂತಿತು. ತಂಗಿ ಡ್ರಾಯರು ಎಳೆದು ಹುಡುಕಿದಳು, ಕುರ್ಚಿಯ ಕೆಳಗೆ ಬಗ್ಗಿ ನೋಡಿದಳು.

“ಅಣ್ಣಾ, ಹಳದಿ ಕ್ಲಿಪ್ಪು ಎಲ್ಲಿ?”

ಅವನ ಕೈ ಜೇಬಿಗೆ ಹೋಯಿತು, ಜೇಬು ಖಾಲಿ. ಗಿರಾಕಿಯನ್ನು ಸ್ಟೂಲಿನ ಮೇಲೆ ಹಾಗೇ ಬಿಟ್ಟು, ಚಪ್ಪಲಿಯನ್ನೂ ಮೆಟ್ಟದೆ ಸೈಕಲ್ ಹತ್ತಿದ. ನಿನ್ನೆ ಮಧ್ಯಾಹ್ನದ ಬಿಸಿಲನ್ನು ನೆನೆಸಿಕೊಂಡ. ಬಿಸಿಲೆಂದರೆ ಎಂಥ ಬಿಸಿಲು, ಡಾಂಬರು ರಸ್ತೆ ಕಾಲಿಗೆ ಅಂಟುತ್ತಿತ್ತು. ಪಂಪ್‌ಹೌಸಿನ ಹಿಂದೆ ಹೋಗಿ ನಿಂತಾಗ ಪೊದೆಯೊಳಗಿಂದ ಸದ್ದಿರಲಿಲ್ಲ. ಗೂಡಿನಲ್ಲಿ ಎರಡೂ ಮರಿಗಳು ಕತ್ತು ಹೊರಗೆ ಚಾಚಿ, ಬಾಯಿ ತೆರೆದುಕೊಂಡೇ ಒಣಗಿದ್ದವು. ಇರುವೆ ಸಾಲು ಹತ್ತಿತ್ತು. ಎದುರಿನ ಕೊಳವೆಯ ಮೇಲೆ ತಾಯಿಹಕ್ಕಿ ಕೂತಿತ್ತು, ಬಾಯಲ್ಲಿ ಹುಳ ಹಾಗೇ ಇತ್ತು.

ಅವನು ಮೊದಲು ಮಾಡಿದ ಕೆಲಸ ಕ್ಲಿಪ್ಪು ಬಿಚ್ಚಿದ್ದು. ಮರಿಗಳನ್ನು ಮುಟ್ಟಲಿಲ್ಲ, ಯಾರನ್ನೂ ಕರೆಯಲಿಲ್ಲ, ಮೊದಲು ಕ್ಲಿಪ್ಪು ಬಿಚ್ಚಿ ಜೇಬಿಗೆ ಹಾಕಿದ. ಕೊಂಬೆ ತಟ್ಟನೆ ತನ್ನ ಜಾಗಕ್ಕೆ ಬಂದು ಗೂಡಿನ ಮೇಲೆ ನೆರಳು ಹರಡಿತು. ಏನೂ ನಡೆದೇ ಇಲ್ಲವೇನೋ ಎಂಬಷ್ಟು ಸರಿಯಾಗಿತ್ತು. ಹೆಜ್ಜೆಯ ಸದ್ದು ಕೇಳಿಸಿತು, ನೀರಣ್ಣ ಬಂದ.

ಗೂಡಿನೊಳಗೆ ಬಗ್ಗಿ ನೋಡಿದ ನೀರಣ್ಣ ಎರಡೂ ಕೈಯನ್ನು ತಲೆಯ ಮೇಲಿಟ್ಟುಕೊಂಡು ಅಲ್ಲೇ ಕೂತುಬಿಟ್ಟ. “ನನ್ನಿಂದಲೇ ಆಯ್ತು ಸಾರ್. ನಿನ್ನೆ ಮಧ್ಯಾಹ್ನ ಜನರೇಟರ್ ಟೆಸ್ಟ್ ಮಾಡು ಅಂತ ಸಾಹೇಬ್ರು ಫೋನ್ ಮಾಡಿದ್ರು. ಅರ್ಧ ಗಂಟೆ ಓಡಿಸಿದೆ. ಹೊಗೆಯೆಲ್ಲ ಈ ಕಡೆನೇ ಬಂತು. ಕೆಲಸದ ಗಡಿಬಿಡೀಲಿ ನಿನ್ನೆಯೆಲ್ಲ ಇಲ್ಲಿ ಬಂದು ನೋಡಲೂ ಇಲ್ಲ. ನನಗೆ ಯಾಕೆ ಹೊಳೀಲಿಲ್ಲ? ನಾನೇ ಕಾದು ನಾನೇ ಕೊಂದೆನಲ್ಲ!”

ಆಗ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಕ್ಲಿಪ್ಪು ತೊಡೆಗೆ ಒತ್ತುತ್ತಿತ್ತು. ಹಗಲುದೀಪ ಬಾಯಿ ತೆರೆದ, ಬಾಯಿಂದ ಬಂದದ್ದು ಇಷ್ಟೇ: “ಹೋಗಲಿ ಬಿಡಿ ನೀರಣ್ಣ, ನೀವು ಬೇಕಂತ ಮಾಡಿದ್ದಲ್ಲವಲ್ಲ.” ಸುಳ್ಳು ಹೇಳುವುದಕ್ಕಿಂತ ಹೊಲಸು ಕೆಲಸವೊಂದಿದ್ದರೆ ಅದು ಇದೇ, ತಪ್ಪಿಲ್ಲದವನನ್ನು ದೊಡ್ಡ ಮನಸ್ಸು ಮಾಡಿ ಕ್ಷಮಿಸುವುದು. ಸೈಕಲ್ ತುಳಿಯುತ್ತ ವಾಪಸು ಬರುವಾಗ ಅವನಿಗೆ ತನ್ನ ಆ ದನಿಯೇ ಕಿವಿಯಲ್ಲಿ ಮತ್ತೆ ಮತ್ತೆ ಕೇಳಿಸಿತು.

ಆ ಫೋಟೋವನ್ನು ಅಳಿಸಿಬಿಡಬೇಕಿತ್ತು. ಅಳಿಸಲಿಲ್ಲ. ಎರಡು ತಿಂಗಳಿಗೆ ಫೋಟೋ ಸ್ಪರ್ಧೆಯ ಪ್ರಕಟಣೆ ಬಂತು. ಕಳಿಸುವುದೋ ಬೇಡವೋ ಎಂದು ಒಂದು ವಾರ ಹಿಂದೆಮುಂದೆ ನೋಡಿ, ಕೊನೆಗೆ ತಂಗಿಯ ಪಕ್ಕ ಕೂತು ದೊಡ್ಡದು ಮಾಡಿ ತೋರಿಸಿದ. ಅವಳು ಎಡಗಡೆಯ ಮೂಲೆಗೆ ಬೆರಳಿಟ್ಟಳು. ಅಲ್ಲಿ ಮಸುಕು ಮಸುಕಾಗಿ ಒಂದು ಹಳದಿ ಮಚ್ಚೆ ಇತ್ತು.

“ಇದೇನಣ್ಣ?”

“ಹಣ್ಣೆಲೆ. ಅಳಿಸಿಬಿಡು.”

ಅವಳು ಒಂದು ಸಲ ಅವನ ಮುಖ ನೋಡಿ ಅಳಿಸಿದಳು. ಮೊದಲ ಬಹುಮಾನ ಬಂತು. ಕಣ್ಣಿನ ಆಸ್ಪತ್ರೆಯ ಡಾಕ್ಟರಮ್ಮ ಅದನ್ನು ಬಾಗಿಲಗಲ ಮಾಡಿಸಿ ರೋಗಿಗಳು ಕಾಯುವ ಹಾಲಿನಲ್ಲಿ ತೂಗುಹಾಕಿಸಿದರು. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಬಂದವರೂ ಇನ್ನೊಂದು ಕಣ್ಣಿನಿಂದ ನೋಡಿ, “ಕಣ್ಣು ನೋಡಿ, ಎಷ್ಟು ಜೀವ ಇದೆ!” ಅನ್ನುತ್ತಿದ್ದರು. ಹಗಲುದೀಪ ಆ ಬೀದಿಯನ್ನೇ ಬಿಟ್ಟು ಸುತ್ತುಬಳಸಿ ಓಡಾಡತೊಡಗಿದ. ತನಗೆ ಪೊರೆ ಬರುತ್ತಿದೆಯೆಂದು ಗೊತ್ತಿದ್ದರೂ ತೋರಿಸಿಕೊಳ್ಳಲು ಹೋಗಲಿಲ್ಲ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನದ್ದೂ ಅದೇ ಪಾಡಾಯಿತು. ಪೇಟೆಯಲ್ಲಿ ಯಾರಾದರೂ “ಏನು ಬಿಸಿಲಪ್ಪ” ಎಂದರೆ ಬೆವರುತ್ತಿದ್ದ. ಹಿತ್ತಲಲ್ಲಿ ತಂಗಿ ಬಟ್ಟೆ ಒಣಹಾಕುತ್ತಿದ್ದರೆ ಆ ಕಡೆ ನೋಡುತ್ತಿರಲಿಲ್ಲ. ಸಾಲದ್ದಕ್ಕೆ ನೀರಣ್ಣ ಆ ಫೋಟೋದ ಒಂದು ಸಣ್ಣ ಪ್ರತಿಯನ್ನು ಕೇಳಿ ಪಡೆದು ಪಂಪಿನ ಕೋಣೆಯ ಗೋಡೆಗೆ ಹಾಕಿಕೊಂಡಿದ್ದ. “ತಾಯಿಯಾದ್ರೂ ನಿಮ್ಮ ಕೈಯಲ್ಲಿ ಉಳೀತಲ್ಲ ಸಾರ್” ಎಂದು ಹೇಳಿ, ಪ್ರತಿ ಕೊಟ್ಟದ್ದಕ್ಕೆ ಎರಡು ಸಲ ಉಪಕಾರ ಸ್ಮರಿಸಿದ್ದ. ಹಕ್ಕಿಯ ಫೋಟೋ ತೆಗೆಯುವುದು ತಾನಾಗಿಯೇ ನಿಂತುಹೋಯಿತು. ತಂಗಿ ಕೇಳಿದರೆ ಮಂಡಿನೋವು ಎನ್ನುತ್ತಿದ್ದ.

ಹೀಗೆ ಹನ್ನೊಂದು ತಿಂಗಳಾದ ಮೇಲೆ ಒಂದು ಬೆಳಗ್ಗೆ ಸ್ಟುಡಿಯೋದ ಬಾಗಿಲಲ್ಲಿ ನೀರಣ್ಣ ನಿಂತಿದ್ದ. ತಲೆಗೆ ನೀರು ಹಚ್ಚಿ ಬಾಚಿಕೊಂಡಿದ್ದ, ತೋಳಿನ ಗ್ರೀಸು ಉಜ್ಜಿ ಉಜ್ಜಿ ಚರ್ಮ ಕೆಂಪಾಗಿತ್ತು.

“ಪೆನ್ಷನ್ ಅರ್ಜಿಗೆ ಫೋಟೋ ಬೇಕು ಸಾರ್. ಕೋಟು ಹಾಕ್ಕೊಂಡೇ ತೆಗೆಸ್ಕೊಳ್ಳಿ ಅಂದಳು ನಮ್ಮನೆಯವಳು. ಮದುವೇಲೂ ಹಾಕಿರಲಿಲ್ಲ.”

ತಂಗಿ ನಕ್ಕು ಕೋಟು ತೊಡಿಸಿದಳು. ಆ ಕೋಟಿನೊಳಗೆ ಇನ್ನೊಬ್ಬ ನೀರಣ್ಣನಿಗೂ ಜಾಗವಿತ್ತು. ಸ್ಟೂಲಿನ ಮೇಲೆ ಕೂರಿಸಿ, ಹಗಲುದೀಪ ಬೆನ್ನ ಹಿಂದೆ ಹೋಗಿ ಬಟ್ಟೆಯನ್ನು ಮುಷ್ಟಿಯಲ್ಲಿ ಒಟ್ಟುಮಾಡಿದ. ತಂಗಿ ಡ್ರಾಯರಿನಿಂದ ಹಳದಿ ಕ್ಲಿಪ್ಪು ತೆಗೆದು ಅವನ ಕೈಗಿಟ್ಟಳು. ನೀರಣ್ಣ ಕ್ಯಾಮೆರಾವನ್ನೇ ನೋಡುತ್ತ ಮಾತಾಡುತ್ತಿದ್ದ.

“ಬರೋ ತಿಂಗಳು ಮುಗೀತು ಸಾರ್. ಲಾಗ್ ಬುಕ್ಕೆಲ್ಲ ಹೊಸಬರಿಗೆ ಒಪ್ಪಿಸಬೇಕು. ನಿನ್ನೆ ಎಲ್ಲಾ ತಿರುವಿ ಹಾಕ್ತಿದ್ದೆ. ಮೂವತ್ತನಾಲ್ಕು ವರ್ಷದಲ್ಲಿ ತಪ್ಪು ನನ್ನದು ಅಂತ ಬರೆದಿರೋದು ಒಂದೇ ಸಾಲು. ಅದು ಆ ಹಕ್ಕಿಮರೀದು. ಷರಾ ಕಾಲಮ್ಮಿನಲ್ಲಿ ಬರೆದಿದ್ದೆ. ಸಾಹೇಬ್ರು ನಕ್ಕು, ಇದನ್ನೆಲ್ಲ ಇಲ್ಲಿ ಯಾಕ್ರೀ ಬರೀತೀರಿ ಅಂತ ಕೆಂಪು ಗೆರೆ ಹಾಕಿದ್ರು. ನಾನು ಅಳಿಸ್ಲಿಲ್ಲ. ನಡೆದದ್ದು ನಡೆದದ್ದೇ ಅಲ್ವಾ? ಈಗಲೂ ಜನರೇಟರ್ ಹಾಕೋ ಮುಂಚೆ ಹಿಂದೆ ಹೋಗಿ ಪೊದೆ ನೋಡ್ಕೊಂಡು ಬರ್ತೀನಿ. ಅವು ಮತ್ತೆ ಬರಲೇ ಇಲ್ಲ.”

ಹಗಲುದೀಪ ಕ್ಲಿಪ್ಪು ಕಚ್ಚಿಸಲಿಲ್ಲ. ಎದುರಿಗೆ ನಿಂತಿದ್ದರೆ ಅವನು ಈ ಜನ್ಮದಲ್ಲಿ ಹೇಳುತ್ತಿರಲಿಲ್ಲ. ಬೆನ್ನ ಹಿಂದೆ ನಿಂತಿದ್ದರಿಂದ, ಕಾಣುತ್ತಿದ್ದದ್ದು ಬಾಚಿದ ಹಿಂದಲೆ, ಸಣ್ಣ ಕತ್ತು, ದೊಡ್ಡ ಕಾಲರು ಇಷ್ಟೇ ಆದ್ದರಿಂದ, ಬಾಯಿ ಬಿಟ್ಟ.

“ನೀರಣ್ಣ, ಅದು ಹೊಗೆಯಿಂದ ಆದದ್ದಲ್ಲ.”

ಹೇಳಿದ. ಕೊಂಬೆಯನ್ನು ಹೇಗೆ ಎಳೆದೆ, ಏಕೆ ಎಳೆದೆ, ಈ ಕ್ಲಿಪ್ಪೇ ಅದು, ಬಿಚ್ಚಲು ಮರೆತೆ, ಮರುದಿನ ನೀವು ಬರುವ ಮುಂಚೆ ಬಿಚ್ಚಿ ಜೇಬಿಗೆ ಹಾಕಿಕೊಂಡೆ, ಎಲ್ಲವನ್ನೂ ಆ ಕಾಲರಿಗೆ ಹೇಳಿದ. ಬಾಗಿಲಲ್ಲಿ ತಂಗಿ ನಿಂತಿದ್ದಳು. “ಹಣ್ಣೆಲೆಗೆ ಸ್ಪ್ರಿಂಗ್ ಇರಲ್ಲ ಅಣ್ಣ,” ಎಂದು ಮೆಲ್ಲಗೆ ಹೇಳಿ ಒಳಗೆ ಹೋದಳು. ಆ ಮಚ್ಚೆ ಅಳಿಸಿದಂದೇ ಅವಳಿಗೆ ಗೊತ್ತಾಗಿತ್ತು. ಇಷ್ಟು ತಿಂಗಳು ಅವಳು ಬಡಿಸಿದ ಅನ್ನವನ್ನು ಅವಳ ಎದುರೇ ಕೂತು ಉಂಡಿದ್ದೆನಲ್ಲ ಎಂದು ಅವನಿಗೆ ಮತ್ತಷ್ಟು ನಾಚಿಕೆಯಾಯಿತು.

ನೀರಣ್ಣ ತಿರುಗಿ ನೋಡಲಿಲ್ಲ. ಎದ್ದು, ಕೋಟನ್ನು ತಾನೇ ಕಳಚಿ, ಮಡಿಸಿ ಸ್ಟೂಲಿನ ಪಕ್ಕದಲ್ಲಿಟ್ಟು ಮತ್ತೆ ಕೂತ.

“ಕೋಟು ಬೇಡ. ನನ್ನಂಗೀಲೇ ತೆಗೀರಿ.”

‘ಸಾರ್’ ಎಂಬ ಮಾತು ಇರಲಿಲ್ಲ. ಹಗಲುದೀಪ ತೆಗೆದ. ಕೈ ತನ್ನಷ್ಟಕ್ಕೆ ದೀಪ ಸರಿಪಡಿಸಿತು, ಕಣ್ಣಿನಲ್ಲಿ ಚುಕ್ಕೆ ಬಿತ್ತೋ ಇಲ್ಲವೋ ಎಂದು ನೋಡುವ ಧೈರ್ಯ ಮಾತ್ರ ಅವನಿಗೆ ಬರಲಿಲ್ಲ. ಬಾಗಿಲ ಹತ್ತಿರ ಹೋದ ನೀರಣ್ಣ ಹೇಳಿದ: “ನಾಳೆ ಹತ್ತು ಗಂಟೆಗೆ ಪಂಪ್‌ಹೌಸಿಗೆ ಬನ್ನಿ. ಪೆನ್ನು ನಿಮ್ದೇ ತನ್ನಿ.”

ಅವನು ಹತ್ತಕ್ಕೆ ಐದು ನಿಮಿಷ ಮೊದಲೇ ಹೋದ. ಪಂಪಿನ ಕೋಣೆಯ ಗೋಡೆಯಲ್ಲಿ ಹಕ್ಕಿಯ ಫೋಟೋ ಇದ್ದ ಕಡೆ ಸುಣ್ಣದ ಒಂದು ತಿಳಿ ಚೌಕ ಉಳಿದಿತ್ತು. ನೀರಣ್ಣ ಕೂರಿ ಎನ್ನಲಿಲ್ಲ. ಮೇಜಿನ ಮೇಲೆ ಕಳೆದ ವರ್ಷದ ಲಾಗ್ ಬುಕ್ಕು ತೆರೆದಿಟ್ಟಿತ್ತು. ಮೋಟರು ಚಾಲೂ ಆದ ಹೊತ್ತು, ನಿಂತ ಹೊತ್ತು, ನೀರಿನ ಒತ್ತಡ ಎಲ್ಲವೂ ಮುತ್ತಿನಂಥ ಅಕ್ಷರದಲ್ಲಿ. ಕೊನೆಯ ಕಾಲಮ್ಮಿನಲ್ಲಿ, ಕೆಂಪು ಗೆರೆಯ ಅಡಿಯಲ್ಲಿ: ‘ಜನರೇಟರ್ ಹೊಗೆಯಿಂದ ಪೊದೆಯಲ್ಲಿದ್ದ ಎರಡು ಹಕ್ಕಿಮರಿ ಸತ್ತವು. ತಪ್ಪು ನನ್ನದು.’

“ನನ್ನ ಸಾಲಿನ ಕೆಳಗೆ ಜಾಗ ಇದೆ. ಬರೀರಿ.”

ಹಗಲುದೀಪ ಪೆನ್ನು ಹಿಡಿದುಕೊಂಡು ನಿಂತ. ಜೀವನವಿಡೀ ಕಂಡವರ ಮುಖದ ಕಲೆ ತಿದ್ದಿದ ಕೈ ಅದು. ಇಲ್ಲೂ ಒಂದು ಮೆತ್ತನೆಯ ಪದ ಹುಡುಕಿತು. ‘ಅಚಾತುರ್ಯ’ ಎನ್ನೋಣವೇ, ‘ಕಣ್ತಪ್ಪಿನಿಂದ’ ಎನ್ನೋಣವೇ ಎಂದು ಲೆಕ್ಕ ಹಾಕುತ್ತಿರುವಾಗ ನೀರಣ್ಣ ಹೇಳಿದ: “ನಾನು ಹೇಗೆ ಬರೆದಿದ್ದೀನಿ ನೋಡಿ. ಹಾಗೇ ಬರೀರಿ.”

ಬರೆದ. ‘ಮರಿಗಳು ಹೊಗೆಯಿಂದ ಸಾಯಲಿಲ್ಲ. ಫೋಟೋಕ್ಕಾಗಿ ನಾನು ನೆರಳಿನ ಕೊಂಬೆಯನ್ನು ಸರಿಸಿ ಕ್ಲಿಪ್ಪು ಹಾಕಿ ಬಿಚ್ಚದೆ ಹೋದೆ. ಬಿಸಿಲಿಗೆ ಸತ್ತವು. ತಪ್ಪು ನನ್ನದು.’

ನೀರಣ್ಣ ಕನ್ನಡಕ ಏರಿಸಿಕೊಂಡು ನಿಧಾನವಾಗಿ ಓದಿದ.

“ಗೊತ್ತಿದ್ದೂ ಹನ್ನೊಂದು ತಿಂಗಳು ಹೇಳಲಿಲ್ಲ. ಅದನ್ನೂ ಬರೀರಿ.”

ಭೂಮಿ ಬಾಯ್ಬಿಡಬಾರದೇ ಎಂದುಕೊಂಡ ಹಗಲುದೀಪ. ಭೂಮಿ ಅಷ್ಟು ಸುಲಭಕ್ಕೆ ಬಾಯ್ಬಿಡುವುದಿಲ್ಲ. ಜಾಗ ಸಾಲದೆ ಅಂಚಿನಲ್ಲಿ ಅಡ್ಡಡ್ಡ ಬರೆದು, ಕೆಳಗೆ ಸ್ಟುಡಿಯೋದ ರಸೀದಿಗೆ ಹಾಕುವ ಹಾಗೆ ಒಂದು ಗೀಟು ಎಳೆದ.

“ಈ ಗೀಟು ಯಾರದು ಅಂತ ಹೊಸಬರಿಗೆ ಹೇಗೆ ಗೊತ್ತಾಗಬೇಕು? ಪೂರ್ತಿ ಹೆಸರು ಬರೀರಿ. ಎಷ್ಟು ವರ್ಷದ ಪರಿಚಯ, ನನಗೂ ನಿಮ್ಮ ಹೆಸರು ಗೊತ್ತಿಲ್ಲ.”

ಹಗಲುದೀಪ ತನ್ನ ಹೆಸರನ್ನೂ ಅಪ್ಪನ ಹೆಸರನ್ನೂ ಬಿಡಿಬಿಡಿಯಾಗಿ ಬರೆದ. ನೀರಣ್ಣ ಬೆರಳಿಟ್ಟು ಒಂದೊಂದೇ ಅಕ್ಷರ ಓದಿದ. ಆಮೇಲೆ ಪುಸ್ತಕ ಮುಚ್ಚಿ, ಗಡಿಯಾರ ನೋಡಿ, ಊರಿಗೆ ನೀರು ಬಿಡುವ ಹೊತ್ತಾಯಿತೆಂದು ಮೋಟರಿನ ಕಡೆ ನಡೆದ.